ಕೊನೆಯ ರೀಲಿನಲ್ಲಿ ನಾನು ಹೇಳಿದ ಸುಳ್ಳು

ನನ್ನ ಮೊಮ್ಮಗ ಬಸವರಾಜನಿಗೆ ಹೋದ ವಾರ ಸಿನಿಮಾ ಆಪರೇಟರನ ಲೈಸೆನ್ಸು ಬಂತು. ಹಾನಗಲ್ಲಿನ ಟಾಕೀಸಿನಲ್ಲಿ ಕೆಲಸವೂ ಆಯಿತು. ಅವನು ಆ ಕಾಗದ ತಂದು ನನ್ನ ಕೈಗೆ ಕೊಟ್ಟ ದಿನ ನಾನು ಓಣಿಯಲ್ಲಿ ಕಂಡಕಂಡವರ ಬಾಯಿಗೆ ಸಕ್ಕರೆ ಹಾಕಿದೆ. ಕಿರಾಣಿ ಅಂಗಡಿಯವನಿಗೆ ಎರಡು ಸಲ ಹಾಕಿದೆನಂತೆ, ಅವನೇ ಹೇಳಿ ನಕ್ಕ. ನಗಲಿ. ಎಪ್ಪತ್ತು ದಾಟಿದ ಮೇಲೆ ಇಂಥ ಸಂತೋಷ ಎಷ್ಟು ಸಲ ಬಂದೀತು?

ಅವನ ಜೊತೆ ಇನ್ನೂ ಮೂರು ಮಂದಿ ಹೊಸಬರು ಆ ಟಾಕೀಸಿಗೆ ಸೇರಿದ್ದಾರೆ. ಅವರೆಲ್ಲ ಕೂಡಿ, ಅಜ್ಜ ತನ್ನ ಕಾಲದ ಕೆಲಸ ಹೇಗಿತ್ತೆಂದು ಬರೆದು ಕೊಟ್ಟರೆ ಓದುತ್ತೇವೆ ಅಂದರಂತೆ. ನಾನು ಮೂರನೇ ಇಯತ್ತೆ ಮುಗಿಸಿದವನು. ಆಮೇಲೆ ಕಲಿತದ್ದೆಲ್ಲ ಊರೂರು ತಿರುಗುವ ಸಿನಿಮಾ ಡೇರೆಯಲ್ಲಿ. ಬರೆಯುವುದು ನನಗೆ ಹೊಸದು, ಹೇಳುವುದು ಹಳೆಯದು. ಹೇಳಿದ ಹಾಗೆಯೇ ಬರೆಯುತ್ತೇನೆ.

ನನ್ನ ಕೆಲಸಕ್ಕೆ ಈಗ ಹೆಸರೇ ಉಳಿದಿಲ್ಲ. ಆಗ ಜನ ನನ್ನನ್ನು ಸಿನಿಮಾ ಹೇಳುವ ಫಕೀರಪ್ಪ ಅನ್ನುತ್ತಿದ್ದರು. ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ನಿಂತು, ತಗಡಿನ ತುತ್ತೂರಿ ಬಾಯಿಗೆ ಹಿಡಿದು, ಇವನು ರಾಜ, ಇವಳು ಅವನ ಮಲತಾಯಿ, ಈಗ ಇವಳು ಹಾಲಿನಲ್ಲಿ ವಿಷ ಹಾಕುತ್ತಾಳೆ ನೋಡಿರಿ ಎಂದು ಕೂಗಿ ಹೇಳುವುದು ನನ್ನ ಕೆಲಸ. ಮಾತಾಡುವ ಸಿನಿಮಾ ಬಂದಾಗ ನನ್ನ ಅನ್ನ ಹೋಯಿತೆಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಆದರೆ ಬಂದ ಚಿತ್ರಗಳೆಲ್ಲ ಹಿಂದಿಯವು, ಇಲ್ಲವೇ ಮರಾಠಿಯವು. ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ ಪರದೆಯ ಮೇಲಿನ ಮಂದಿ ಎಷ್ಟು ಮಾತಾಡಿದರೂ ಕೆಳಗೆ ಕುಂತವರಿಗೆ ತಿಳಿಯುತ್ತಿರಲಿಲ್ಲ. ಹೀಗಾಗಿ ಮಾತು ಬಂದ ಮೇಲೆ ನನ್ನ ಮಾತು ಇನ್ನೂ ಹೆಚ್ಚು ಬೇಕಾಯಿತು.

ನಮ್ಮಲ್ಲಿ ಇದ್ದದ್ದು ಒಂದೇ ಮಶೀನು. ಒಂದು ರೀಲು ಮುಗಿದ ಕೂಡಲೇ ದೀಪ ಹತ್ತುತ್ತಿತ್ತು. ಆಪರೇಟರ್ ಇನ್ನೊಂದು ರೀಲು ಹಾಕುವಷ್ಟರಲ್ಲಿ ನಾನು ನಿಂತು, ಈಗ ಆದದ್ದು ಏನು, ಮುಂದೆ ಯಾರ ಮೇಲೆ ಕಣ್ಣಿಡಬೇಕು ಎಂದು ಹೇಳುತ್ತಿದ್ದೆ. ಆಪರೇಟರ್ ಕರೀಮಸಾಬ ಸವಣೂರಿನವನು, ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಮನೆಮಾತು ಉರ್ದು. ಮಧ್ಯಾಹ್ನ ಮಶೀನು ಒರೆಸುತ್ತ ಅವನು ನನಗೆ ಚಿತ್ರದ ಕಥೆಯನ್ನೆಲ್ಲ ಹೇಳುತ್ತಿದ್ದ. ಬರೆದುಕೊಳ್ಳುವ ರೂಢಿ ನನಗಿರಲಿಲ್ಲ. ರೀಲಿಗೊಂದರಂತೆ ಹುಣಸೆ ಬೀಜ ಬಲಗಡೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಒಂದು ರೀಲಿನ ಕಥೆ ಹೇಳಿ ಮುಗಿಸಿದರೆ ಒಂದು ಬೀಜ ಎಡಗಡೆ ಜೇಬಿಗೆ.

ಈ ಬೀಜದ ಲೆಕ್ಕ ತಪ್ಪಿ ಒಮ್ಮೆ ಮರ್ಯಾದೆ ಹೋಗುವ ಹೊತ್ತು ಬಂದಿತ್ತು. ಹಿರೇಕೆರೂರಿನಲ್ಲಿ ಕರೀಮಸಾಬನಿಗೆ ಜ್ವರ. ಅವನ ಬದಲಿಗೆ ಬಂದವನು ಐದನೇ ರೀಲು ಮೊದಲು ಹಾಕಿ ನಾಲ್ಕನೆಯದನ್ನು ಆಮೇಲೆ ಹಾಕಿದ. ನಾಯಕ ಸತ್ತು, ಜನ ಮೂಗು ಒರೆಸಿಕೊಂಡು, ನಾನೂ ದನಿ ಇಳಿಸಿ ನಾಲ್ಕು ಮಾತು ಹೇಳಿ ಮುಗಿಸಿದ್ದೇನೆ. ದೀಪ ಆರಿತು, ನೋಡಿದರೆ ಸತ್ತವನು ಚಪ್ಪರದ ಕೆಳಗೆ ಕುಂತು ಉಣ್ಣುತ್ತಿದ್ದಾನೆ. ಜನ ನನ್ನ ಕಡೆ ನೋಡಿದರು. ಇವನು ಅವನ ಅವಳಿ ತಮ್ಮ, ಸುದ್ದಿ ಇನ್ನೂ ತಿಳಿದಿಲ್ಲ, ಅದಕ್ಕೇ ಉಣ್ಣುತ್ತಿದ್ದಾನೆ ಎಂದು ತುತ್ತೂರಿಯಲ್ಲಿ ಕೂಗಿಬಿಟ್ಟೆ. ಪಾರಾದೆ. ಮರುದಿನ ಬೆಳಿಗ್ಗೆ ಒಬ್ಬರು ಮುದುಕರು ಕೋಲೂರಿಕೊಂಡು ಡೇರೆಗೆ ಬಂದರು. ಅಣ್ಣನ ಮಣ್ಣಿಗಾದರೂ ಆ ತಮ್ಮ ಬಂದನೋ ಇಲ್ಲವೋ, ಅಷ್ಟು ಹೇಳು, ರಾತ್ರಿಯೆಲ್ಲ ಅದೇ ಯೋಚನೆ ಆಯಿತು ಅಂದರು. ಬಂದ ಎಂದು ಹೇಳಿ ಕಳಿಸಿದೆ. ನಮ್ಮ ಜನ ನನ್ನ ಬಾಯಿಂದ ಬಂದದ್ದನ್ನು ಎಷ್ಟು ನಂಬುತ್ತಾರೆಂದು ಅವತ್ತೇ ತಿಳಿಯಬೇಕಿತ್ತು. ನಾನು ನಕ್ಕು ಮರೆತೆ.

ಇನ್ನು ನೀಲವ್ವನ ಮಾತಿಗೆ ಬರುತ್ತೇನೆ. ಬಸವರಾಜನಿಗೆ ಆಕೆ ಅಜ್ಜಿ. ಆಗ ಆಕೆ ಹಾನಗಲ್ಲಿನಲ್ಲಿ ನಮ್ಮ ಡೇರೆಯ ಬಾಗಿಲಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಗಂಡ ಸತ್ತು ಎಂಟು ವರ್ಷವಾಗಿತ್ತು. ಒಬ್ಬಳೇ ಮಗಳು ಕಾಶವ್ವನನ್ನು ಸವಣೂರಿನ ಎಲೆತೋಟದವರ ಮನೆಗೆ ಕೊಟ್ಟಿದ್ದಳು. ನನ್ನ ಹೆಂಡತಿಯೂ ಹಿಂದೆ ಊರಿಗೆ ಬೇನೆ ಬಂದ ವರ್ಷ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮಧ್ಯಂತರ ಮುಗಿದ ಮೇಲೆ ನೀಲವ್ವ ಒಲೆ ಆರಿಸಿ ಹೆಂಗಸರ ಕಡೆಗೆ ಅಡ್ಡ ಕಟ್ಟಿದ ಹಗ್ಗದ ಹತ್ತಿರ ಕುಂತು ನಾನು ಹೇಳುವುದನ್ನು ಕೇಳುತ್ತಿದ್ದಳು. ಮರುದಿನ ನಾನು ಬಜ್ಜಿಗೆ ಹೋದಾಗ ನನ್ನ ಕೆಲಸದ ತಪ್ಪು ತೆಗೆಯುತ್ತಿದ್ದಳು. ಮಾಲಕರು ಬೈದರೂ ನಾನು ತಿದ್ದಿಕೊಳ್ಳದ್ದನ್ನು ಆಕೆ ಒಂದು ಮಾತಿನಲ್ಲಿ ತಿದ್ದಿದಳು.

"ನಿನ್ನೆ ಆ ಹೆಣ್ಮಗಳು ಅಳಾಕತ್ತಾಗ ನೀವು ಭಾಳ ಮಾತಾಡಿದ್ರಿ. ಅಳೂದಕ್ಕೂ ಕನ್ನಡದಾಗ ಹೇಳಬೇಕೇನ್ರಿ?"

ಅಂದಿನಿಂದ ಪರದೆಯ ಮೇಲೆ ಯಾರಾದರೂ ಅತ್ತರೆ ನಾನು ತುತ್ತೂರಿ ಕೆಳಗಿಡುತ್ತಿದ್ದೆ. ಡೇರೆಯೆಲ್ಲ ಸುಮ್ಮನಾಗುತ್ತಿತ್ತು. ಹೊರಗೆ ಕರೆಂಟು ಕೊಡುವ ಇಂಜಿನ್ನಿನ ಸಪ್ಪಳ ಒಂದೇ. ಆ ಸುಮ್ಮನಿರುವಿಕೆಗಾಗಿ ನನ್ನನ್ನು ಹೊಗಳಿದವರು ಬಹಳ ಮಂದಿ. ಕಲಿಸಿದವಳು ಬಜ್ಜಿ ಕರಿಯುವವಳು ಎಂದು ಯಾರಿಗೂ ಗೊತ್ತಿರಲಿಲ್ಲ.

ಎರಡು ಹಂಗಾಮು ಹೀಗೆ ಹೋದವು. ಆಕೆಯ ಮಂದಿಯಲ್ಲಿ ಉಡಕಿಯ ರೂಢಿ ಇತ್ತು. ಅಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ, ಬಳೆ ತೊಡಿಸಿ, ನಾಲ್ಕು ಹಿರಿಯರ ಎದುರಿಗೆ ಇನ್ನೊಬ್ಬನ ಕೈಗೆ ಕೊಡುವುದು. ನಾನು ಕೇಳಿದೆ. ನೀಲವ್ವ ಬೇಡ ಅನ್ನಲಿಲ್ಲ. ಕಾಶವ್ವ ಹೂಂ ಅಂದರೆ ಆಯಿತು, ಅವಳು ಒಲ್ಲೆ ಅಂದರೆ ಇಲ್ಲ, ಇದರಲ್ಲಿ ಎರಡನೇ ಮಾತಿಲ್ಲ ಅಂದಳು. ಹತ್ತೊಂಬತ್ತು ವರ್ಷದ, ಲಗ್ನವಾಗಿ ಗಂಡನ ಮನೆಗೆ ಹೋದ ಹುಡುಗಿ, ಅವಳಿಗೇನು ಅಂದುಕೊಂಡೆ. ಅವಳನ್ನು ನಾನಿನ್ನೂ ನೋಡಿರಲಿಲ್ಲ.

ದೀಪಾವಳಿಗೆ ಕಾಶವ್ವ ತವರಿಗೆ ಬಂದಳು. ನಾನು ಬಜ್ಜಿಗೆ ಹೋದೆ. ಅವ್ವನ ಕೈಯಲ್ಲಿದ್ದ ತಾಟನ್ನು ಅವಳು ಇಸಿದುಕೊಂಡು ನನ್ನ ಮುಂದೆ ಕುಕ್ಕಿದಳು. ನಾನು ಮಣೆಯ ಮೇಲೆ ಕುಂತರೆ ಅವಳು ಬಂದು ನನಗೂ ನೀಲವ್ವನಿಗೂ ನಡುವೆ ಕುಂತಳು. ನಾನು ಆಚೆ ಸರಿದರೆ ಅವಳೂ ಸರಿದಳು. ನೀಲವ್ವ ನನ್ನ ಕಡೆ ತಿರುಗಿ ಏನಾದರೂ ಅಂದರೆ ಸಾಕು, ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಹಬ್ಬಕ್ಕೆ ಎಂಟು ದಿನಕ್ಕೆ ಬಂದವಳು ಮೂರು ವಾರವಾದರೂ ಹೋಗಲಿಲ್ಲ. ಸವಣೂರಿನಿಂದ ಗಂಡನ ಮನೆಯವರು ಎರಡು ಸಲ ಹೇಳಿಕಳಿಸಿದರು. ಕರೀಮಸಾಬ ಮೀಸೆಯೊಳಗೇ ನಗುತ್ತಿದ್ದ. "ಫಕೀರಪ್ಪಾ, ನೀ ಅವ್ವನ್ನ ನೋಡಾಕ ಹೋಗ್ತಿ, ಮಗಳ್ನ ನೋಡಿ ಬರ್ತಿ. ಬಜ್ಜಿರ ತಿಂದ್ಯೋ ಇಲ್ಲೋ?" ಅನ್ನುತ್ತಿದ್ದ.

ಅದೇ ಹೊತ್ತಿಗೆ ಮಾಲಕ ಚನ್ನಬಸಪ್ಪನವರು ಹುಬ್ಬಳ್ಳಿಯಿಂದ ಒಂದು ಹಳೇ ಹಿಂದಿ ಚಿತ್ರ ತಂದರು. ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದದ್ದು, ಅಲ್ಲಿಯ ಸಿನಿಮಾ ಏಜೆಂಟರು ಇಡೀ ಹಂಗಾಮಿಗೆ ನಮಗೇ ಕೊಟ್ಟಿದ್ದರು. ದೊಡ್ಡ ಚಿತ್ರ ಬರುವತನಕ ನಡುವೆ ಎರಡು ಮೂರು ದಿನ ಓಡಿಸಲಿಕ್ಕೆ. ಕರೀಮಸಾಬ ಅದರ ಕಥೆ ಹೇಳತೊಡಗಿದಾಗ ನಾನು ಹುಣಸೆ ಬೀಜ ಎಣಿಸುವುದನ್ನೇ ಬಿಟ್ಟೆ. ದೇವರಿಲ್ಲ, ರಾಕ್ಷಸನಿಲ್ಲ, ಕತ್ತಿ ಇಲ್ಲ, ಕುದುರೆ ಇಲ್ಲ. ಒಬ್ಬ ನಡುವಯಸ್ಸಿನ ಗಡಿಯಾರ ರಿಪೇರಿಯವನು. ಒಬ್ಬ ಗಂಡ ಸತ್ತ ಹೆಂಗಸು. ಆಕೆಗೊಬ್ಬಳು ಬೆಳೆದ ಮಗಳು. ಇವನು ಬಂದಾಗಲೆಲ್ಲ ಮಗಳು ನಡುವೆ ಬಂದು ಕೂಡುತ್ತಾಳೆ, ಟಾಂಗಾದಲ್ಲಿಯೂ ನಡುವೆಯೇ ಕೂಡುತ್ತಾಳೆ, ಇವನು ಬರೆದ ಚೀಟಿ ಬಚ್ಚಿಡುತ್ತಾಳೆ, ಸುಳ್ಳು ಜ್ವರ ಬರಿಸಿಕೊಳ್ಳುತ್ತಾಳೆ. ಕೊನೆಗೆ ತಾಯಿ, ನನಗೆ ಮಗಳೇ ಸಾಕು ಎಂದು ಹೇಳಿ ಅವನ ಎದುರಿಗೆ ಬಾಗಿಲು ಹಾಕುತ್ತಾಳೆ. ಅವನು ಒಂದಿಷ್ಟು ಹೊತ್ತು ಅಲ್ಲೇ ನಿಂತು, ಬೀದಿ ಹಿಡಿದು ಹೋಗಿಬಿಡುತ್ತಾನೆ. ಒಳಗೆ ಮಗಳು ಅಳುತ್ತಾಳೆ. ಮುಗಿಯಿತು.

ಇಂಥ ಸಿನಿಮಾ ಯಾರು ತೆಗೆದರಪ್ಪ ಎಂದೆ. ಕರೀಮಸಾಬ, ಯಾರೋ ನಿನ್ನಂಥವನೇ ಇರಬೇಕು ಎಂದ.

ಹಾನಗಲ್ಲಿನ ಮೊದಲ ಆಟ. ನೀಲವ್ವ, ಕಾಶವ್ವ ಇಬ್ಬರೂ ಹಗ್ಗದ ಹತ್ತಿರವೇ ಕುಂತಿದ್ದರು. ಮೊದಲಿನಿಂದ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿ ಟಾಂಗಾದಲ್ಲಿ ನಡುವೆ ಕುಂತಾಗ ಜನ ನಕ್ಕರು, ಕಾಶವ್ವ ನಗಲಿಲ್ಲ. ಸುಳ್ಳು ಜ್ವರದ ರೀಲಿನಲ್ಲಿ ಅವಳು ಸೆರಗು ಬಾಯಿಗೆ ಹಿಡಿದಳು. ಕೊನೆಯ ಬೀಜ ಕೈಯಲ್ಲಿ ಹಿಡಿದು ನಿಂತಾಗ ಈ ಹುಡುಗಿ ಏನು ಕಂಡು ಮನೆಗೆ ಹೋಗುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿ. ತಾಯಿ ಬಾಗಿಲು ಹಾಕಿದಳು. ನಾನು ತುತ್ತೂರಿ ಎತ್ತಿದೆ. ಮಗಳು ಒಪ್ಪಿದಳು ನೋಡಿರಿ, ಅವ್ವನಿಗೆ ತಾನೇ ಹೊಸ ಸೀರೆ ಉಡಿಸುತ್ತಾಳಂತೆ, ಅದಕ್ಕೆ ಬಾಗಿಲು ಹಾಕಿದರು. ಇವನು ಬಳೆ ತರಲಿಕ್ಕೆ ಪೇಟೆಗೆ ಹೊರಟ. ಒಳಗೆ ಮಗಳು ಸಂತೋಷಕ್ಕೆ ಅಳುತ್ತಾಳೆ. ಹೀಗೆ ಹೇಳಿದೆ. ಅಳುವಾಗ ಸುಮ್ಮನಿರಬೇಕೆಂದು ಕಲಿತವನು ಅವತ್ತು ಅಳುವಿನ ಮೇಲೆಯೇ ಮಾತಾಡಿದೆ.

ಡೇರೆಯಲ್ಲಿ ಚಪ್ಪಾಳೆ ಬಿತ್ತು. ಚನ್ನಬಸಪ್ಪನವರಿಗೆ ಬಹಳ ಖುಷಿ. ಜನ ಅತ್ತರೂ ನಕ್ಕು ಮನೆಗೆ ಹೋಗಬೇಕು ಎನ್ನುವುದು ಅವರ ಕಾಯಂ ಮಾತು. ಕರೀಮಸಾಬ ಮಾತ್ರ ಮಶೀನಿನ ಹಿಂದಿನಿಂದ ಬಂದು, ಹಂಗಾಮಿನ ಕೊನೆಗೆ ಡೇರೆ ಬಿಚ್ಚುವಾಗ ಹರಿದದ್ದೆಲ್ಲಿ ಎಂದು ನೋಡುವ ಹಾಗೆ ನನ್ನನ್ನು ನೋಡಿದ.

ಮರುದಿನ ಕಾಶವ್ವ ನಡುವೆ ಬಂದು ಕೂಡಲಿಲ್ಲ. ಒಲೆಗೆ ಊದುತ್ತ, ಮುಖ ಎತ್ತದೆ, ಮಾಡಿಕೊಳ್ಳಿರಿ ಎಂದಳಂತೆ. ನೀಲವ್ವ ನನಗೆ ಅದನ್ನು ಹೇಳುವಾಗ ಆಕೆಯ ಕೈ ಹಿಟ್ಟಿನಲ್ಲಿಯೇ ಇತ್ತು. ಶಿವರಾತ್ರಿ ಆದ ಮೇಲೆ ಉಡಕಿ ಎಂದು ಹಿರಿಯರು ಅಂದರು. ಕಾಶವ್ವ ಸವಣೂರಿಗೆ ಹೋದಳು. ಈ ಕೆಲಸದಲ್ಲಿ ನನ್ನಷ್ಟು ಶಾಣ್ಯಾ ಯಾರೂ ಇಲ್ಲ ಎಂದು ಒಂದು ತಿಂಗಳು ಎದೆ ಉಬ್ಬಿಸಿಕೊಂಡು ತಿರುಗಿದೆ.

ನನ್ನ ತಪ್ಪು ಎಂಥದೆಂದರೆ, ನಮ್ಮ ಡೇರೆ ಮುಂದೆ ಹೋಗುವ ಊರೇ ಸವಣೂರು ಎಂಬುದು ನನಗೆ ಗೊತ್ತೇ ಇತ್ತು. ಅದು ಆಗ ಬೇರೆ ಸಂಸ್ಥಾನ, ಡೇರೆ ಹೂಡಲು ಬೇರೆ ಪರವಾನಗಿ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಉರ್ದು ಬರುತ್ತಿತ್ತು. ನಾನು ತುತ್ತೂರಿ ಎತ್ತಿದರೆ, ನಡುವೆ ಒದರಬೇಡ, ನಮಗೆ ಕೇಳಿಸುತ್ತದೆ ಅನ್ನುತ್ತಿದ್ದರು. ಹೀಗಾಗಿ ಸವಣೂರಿನಲ್ಲಿ ನನಗೆ ಸಿನಿಮಾ ಹೇಳುವ ಕೆಲಸವಿಲ್ಲ. ಅಲ್ಲಿ ನಾನು ಪೋಸ್ಟರು ಹಚ್ಚುವವನು, ಬಾಗಿಲು ಕಾಯುವವನು. ನಾನು ಹೇಳದಿದ್ದರೆ ಆ ಚಿತ್ರ ತಾನೇ ತನ್ನ ಕಥೆ ಹೇಳಿಕೊಳ್ಳುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಕಾಶವ್ವ ಆ ಚಂದದ ಸಿನಿಮಾ ಇನ್ನೊಮ್ಮೆ ನೋಡಬೇಕೆಂದು ಬಾಜೂ ಮನೆಯ ಖತಿಜಾಬಿಯನ್ನು ಕರೆದುಕೊಂಡು ಬಂದಿದ್ದಳು. ನಾನು ಅವಳನ್ನು ಕಂಡೆ, ಅವಳು ನಕ್ಕಳು, ನಾನೂ ನಕ್ಕೆ. ಆಟ ಬಿಟ್ಟಾಗ ನನ್ನ ಕಡೆ ನೋಡದೆ ಹೋದಳು.

ಮರುದಿನ ಬೆಳಿಗ್ಗೆ ಡೇರೆಯ ಹಿಂದೆ ಪೋಸ್ಟರಿಗೆ ಹಚ್ಚುವ ಗಂಜಿ ಕಾಸುತ್ತಿದ್ದೆ. ಕಾಶವ್ವ ಒಬ್ಬಳೇ ಬಂದು ನಿಂತಳು.

"ಆ ಹೆಣ್ಮಗಳು ಬಾಗಲಾ ಯಾಕ ಹಾಕಿದ್ಲರಿ?"

"ಸೀರಿ ಉಡಾಕ" ಎಂದೆ. ಬಾಯಿಗೆ ಅದೇ ಬಂತು.

"ಖತಿಜಾಬಿ ಹಂಗ ಹೇಳಲಿಲ್ಲ."

ನಾನು ಗಂಜಿ ತಿರುವುತ್ತಲೇ ಇದ್ದೆ. ತಳ ಹತ್ತಿತು.

"ಮಂದಿಗೆ ಸುಳ್ಳ ಹೇಳೂದು ನಿಮ್ಮ ದಂಧೆ ಇರಬಹುದು. ಹೇಳ್ರಿ. ಆದ್ರ ನಾ ಅವತ್ತ ಅತ್ತದ್ದು ಖರೇ ಇತ್ತು. ಅದನ್ನ ಇಸಗೊಂಡು ನೀವು ನಮ್ಮವ್ವನ್ನ ಒಯ್ಯಾಕ ಹೊಂಟೀರಿ."

ನಿನ್ನ ಅವ್ವನಿಗೆ ಕಷ್ಟ ಆಗದಂತೆ ನೋಡಿಕೊಳ್ಳುತ್ತೇನೆ, ಅದು ಇದು ಎಂದು ಹೇಳಲು ಹೋದೆ. ಅವಳು ತಡೆದಳು.

"ಅವ್ವನ ಮಾತು ಬಿಡ್ರಿ. ಉಡಕಿ ಆದ ಮ್ಯಾಲೆ ಆಕಿ ನಮ್ಮಪ್ಪನ ಮನಿ ಬಿಡಬೇಕು. ಅದು ದೊಡ್ಡಪ್ಪನ ಪಾಲಿಗೆ ಹೋಗ್ತೈತಿ. ನಾಗರ ಪಂಚಮಿಗೆ ನನ್ನ ಕರ್ಯಾಕ ಯಾರು ಬರ್ತಾರ? ಯಾವ ಮನಿಗೆ ಬರ್ಲಿ ನಾ? ನೀವು ಗೂಟಾ ಹೊಡದಲ್ಲೆಲ್ಲಾ ನನ್ನ ತವರಮನಿ ಏನು?"

ಅವಳು ನಡುವೆ ಬಂದು ಕೂಡುತ್ತಿದ್ದದ್ದನ್ನು ನಾನು ಹಟ ಅಂದುಕೊಂಡಿದ್ದೆ. ಆ ಹುಡುಗಿಗೆ ಅಪ್ಪನಿಲ್ಲ, ಅಣ್ಣ ತಮ್ಮಂದಿರಿಲ್ಲ. ಹೆಣ್ಣುಮಗಳಿಗೆ ತವರೆಂದರೆ ಏನೆಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅವಳಿಗೆ ಅದು ಒಬ್ಬಳೇ ಅವ್ವನಲ್ಲಿ ಇತ್ತು. ನಾನೋ, ಸ್ವಂತದ್ದೆಂದು ಒಂದು ಒಲೆಗಲ್ಲೂ ಇಲ್ಲದೆ, ತಂಬಿನ ಕೆಳಗೆ ಮಲಗುವವನು.

ಹೂಂ ಅಂದದ್ದನ್ನು ತಿರುಗಿ ತೆಗೆದುಕೊಂಡಿದ್ದೇನೆ, ಅವ್ವನಿಗೆ ನೀವೇ ಹೇಳಿರಿ ಎಂದು ಹೇಳಿ ಅವಳು ಹೋದಳು.

ರಜೆ ಕೇಳಿ ಹಾನಗಲ್ಲಿಗೆ ಹೋದೆ. ಮಹಾಯುದ್ಧದ ಕಾಲ, ಇದ್ದಲಿ ಗ್ಯಾಸಿನ ಮೋಟಾರು ಏರುದಾರಿಯಲ್ಲೆಲ್ಲ ನಿಲ್ಲುತ್ತಿತ್ತು. ಇಳಿದು ನೂಕಿದಾಗಲೆಲ್ಲ, ಇದು ಇಲ್ಲೇ ಕೆಟ್ಟುಹೋದರೆ ಒಳ್ಳೆಯದು ಎಂದು ಅನ್ನಿಸುತ್ತಿತ್ತು. ನೀಲವ್ವನ ಎದುರಿಗೆ ಕುಂತು ಎಲ್ಲ ಹೇಳಿದೆ. ಆಕೆ ಅಕ್ಕಿಯಲ್ಲಿನ ಹರಳು ಆರಿಸುತ್ತಿದ್ದಳು, ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಾಗಿತ್ರಿ. ಸೀರಿ ಉಡಾಕ ಹೋಗಾಕಿ ಹಂಗ ಬಾಗಲಾ ಹಾಕೂದಿಲ್ಲ. ಆಕಿ ಮುಖಾ ನೋಡಿದ್ರ ತಿಳೀತಿತ್ತು."

"ಮತ್ತ ಯಾಕ ಸುಮ್ಮನಿದ್ರಿ?"

ಆಕೆ ಒಂದು ಹರಳು ತೆಗೆದು ಅಂಗಳಕ್ಕೆ ಎಸೆದಳು. ಆಮೇಲೆ, "ನನಗೂ ನೀವು ಹೇಳಿದ್ದ ಬೇಕಾಗಿತ್ತು" ಎಂದಳು.

ಮಗಳ ಮನಸ್ಸು ತಿರುಗುವತನಕ ಮನೆಯ ಕಡೆ ಬರಬೇಡಿರಿ ಅಂದಳು. ಉಡಕಿಯ ಮಾತು ನಿಂತಿತು.

ಆ ಚಿತ್ರ ಆಮೇಲೆ ಶಿಗ್ಗಾವಿಯಲ್ಲಿ ಬಂತು. ಅಲ್ಲಿ ನಾನು ಅದನ್ನು ಇದ್ದ ಹಾಗೆ ಹೇಳಿದೆ. ತಾಯಿ ಬಾಗಿಲು ಹಾಕುವಲ್ಲಿ ತುತ್ತೂರಿ ಕೆಳಗಿಟ್ಟೆ. ಜನ ಕಣ್ಣೊರೆಸಿಕೊಳ್ಳುತ್ತ ಎದ್ದು ಹೋದರು. ಚನ್ನಬಸಪ್ಪನವರು ಕೆಂಡವಾದರು. ಲೇ ಫಕೀರ್ಯಾ, ಮಂದೀನ ಮಣ್ಣಿಗೆ ಹೋಗಿ ಬಂದವರಂಗ ಕಳಸೀದಿ, ಹಾನಗಲ್ಲಿನಾಗ ಹೇಳಿದ್ದ ಹೇಳಾಕ ನಿನಗೇನ ಧಾಡಿ ಎಂದು ಬೈದರು. ಇಲ್ಲರೀ ಧಣಿ, ಇದರ ಕಥೆ ಇಷ್ಟೇ ಎಂದೆ. ಕೆಲಸದಿಂದ ತೆಗೆಯುತ್ತೇನೆ ಅಂದರು. ಆದರೆ ಎರಡನೇ ದಿನ ಹೆಂಗಸರ ಕಡೆ ಜಾಗ ಸಾಲಲಿಲ್ಲ. ಮೊದಲ ದಿನ ನೋಡಿದವರೇ ತಮ್ಮ ತಮ್ಮ ಹೆಣ್ಣುಮಕ್ಕಳನ್ನು, ಸೊಸೆಯಂದಿರನ್ನು ಕರೆದುಕೊಂಡು ಮತ್ತೆ ಬಂದಿದ್ದರು. ಧಣಿ ಬಾಗಿಲಲ್ಲಿ ನಿಂತು ಅದನ್ನು ನೋಡಿದರು, ಆಮೇಲೆ ಆ ಮಾತು ಎತ್ತಲಿಲ್ಲ. ಹೊಸ ಹುಡುಗರೇ, ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಆ ಶಿಗ್ಗಾವಿಯ ಎರಡು ದಿನ ನಾನು ಸರಿಯಾಗಿ ಕೆಲಸ ಮಾಡಿದ ದಿನಗಳು. ಆದರೆ ಅದನ್ನು ಕೇಳಬೇಕಾಗಿದ್ದ ಕಾಶವ್ವ ಶಿಗ್ಗಾವಿಯಲ್ಲಿರಲಿಲ್ಲ.

ಮಳೆಗಾಲ ಬಂತು. ಡೇರೆ ಮಡಚಿ ಧಣಿಗಳ ಅರಳೆ ವಖಾರಿಯಲ್ಲಿಟ್ಟೆವು. ಪ್ರತಿ ವರ್ಷ ಆ ನಾಲ್ಕು ತಿಂಗಳು ನಾನೂ ವಖಾರಿಯಲ್ಲಿಯೇ ಬಿದ್ದಿರುತ್ತಿದ್ದೆ. ಆ ವರ್ಷ ಹಾನಗಲ್ಲಿನಲ್ಲಿ ಎರಡು ಅಂಕಣದ ಒಂದು ಮನೆ ಬಾಡಿಗೆಗೆ ಹಿಡಿದೆ. ಮುಂದೆ ಒಂದು ಹುಣಸೆ ಮರ. ಗೋಡೆಗೆ ನಾನೇ ಸುಣ್ಣ ಹಚ್ಚಿದೆ, ಒಲೆ ಹೂಡಿದೆ. ನೀಲವ್ವನ ಓಣಿಯ ಕಡೆ ಹೋಗಲಿಲ್ಲ.

ಪಂಚಮಿಗೆ ನಾಲ್ಕು ದಿನ ಇದ್ದಾಗ ಆಕೆಯ ನೆರೆಯ ಕಲ್ಲವ್ವ ಪೇಟೆಯಲ್ಲಿ ಸಿಕ್ಕು ಸುದ್ದಿ ಹೇಳಿದಳು. ಪ್ರತಿ ವರ್ಷ ಕಾಶವ್ವನನ್ನು ಕರೆಯಲು ಹೋಗುತ್ತಿದ್ದವನು ದೊಡ್ಡಪ್ಪನ ಮಗ. ಉಡಕಿಯ ಮಾತು ಕಿವಿಗೆ ಬಿದ್ದು ದೊಡ್ಡಪ್ಪನಿಗೆ ಸಿಟ್ಟು. ನಮ್ಮ ಮನೆಯಿಂದ ಯಾರನ್ನೂ ಕಳಿಸುವುದಿಲ್ಲ ಅಂದಿದ್ದಾನೆ. ನೀಲವ್ವ ಉಂಡಿ ಕಟ್ಟಿಟ್ಟು ಸುಮ್ಮನೆ ಕುಂತಿದ್ದಾಳೆ. ನಾನು ಕಲ್ಲವ್ವನ ಕೈಯಲ್ಲಿ ಒಂದೇ ಮಾತು ಹೇಳಿಕಳಿಸಿದೆ, ಸವಣೂರಿಗೆ ಹೋಗುತ್ತೇನೆ, ಗಂಟು ಕೊಡಿರಿ ಎಂದು. ಸಂಜೆಗೆ ಗಂಟು ಬಂತು. ಮಾತೇನೂ ಬರಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಒಂದು ಕುಪ್ಪಸದ ಖಣ, ಎಲ್ಲ ಒಂದು ಹಳೇ ಸೀರೆಯ ತುಂಡಿನಲ್ಲಿ.

ಬಾಡಿಗೆ ಚಕ್ಕಡಿಯಲ್ಲಿ ಹೊರಟೆ. ಬಂಕಾಪುರದಲ್ಲಿ ವಸ್ತಿ ಮಾಡಿ, ಮರುದಿನ ಹೊತ್ತು ಏರುವಾಗ ಸವಣೂರು ಮುಟ್ಟಿದೆ. ಜಿಟಿಜಿಟಿ ಮಳೆ. ಗಂಟನ್ನು ಕಂಬಳಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಕಾಶವ್ವನ ಅತ್ತೆ ಪಡಸಾಲೆಯಲ್ಲಿ ಕುಂತು ವೀಳ್ಯದೆಲೆ ಒರೆಸಿ ಕಟ್ಟು ಕಟ್ಟುತ್ತಿದ್ದರು. ಯಾರು ಬೇಕಾಗಿತ್ತರಿ ಅಂದರು. ಕಾಶವ್ವನನ್ನು ಪಂಚಮಿಗೆ ಕರೆಯಲು ಬಂದಿದ್ದೇನೆ ಎಂದೆ.

ಅವರು ನನ್ನ ಮುಖ ನೋಡಿದರು. "ಹೋದ ವರ್ಷ ಬಂದಿದ್ದಾಂವ ಬ್ಯಾರೆ ಹುಡುಗ. ನೀವು ಆಕಿಗೆ ಏನಾಗಬೇಕ್ರಿ?"

ಇವನು ಯಾರು, ಇವಳು ಇವನಿಗೆ ಏನಾಗಬೇಕು ಎಂದು ಸಾವಿರಾರು ಜನಕ್ಕೆ ಕೂಗಿ ಹೇಳಿ ಹೊಟ್ಟೆ ಹೊರೆದವನು ನಾನು. ಸತ್ತವನನ್ನು ಅವಳಿ ತಮ್ಮ ಮಾಡಿದವನು. ಆ ಪಡಸಾಲೆಯ ಕೆಳಗೆ ಮಳೆಯಲ್ಲಿ ನಿಂತು ಗಂಟನ್ನು ಇನ್ನಷ್ಟು ಒತ್ತಿ ಹಿಡಿದೆ. ಸೋದರಮಾವ ಎಂದಿದ್ದರೆ ನಡೆಯುತ್ತಿತ್ತು. ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಒಳಗಿನ ಹೊಸ್ತಿಲಲ್ಲಿ ಕಾಶವ್ವ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ನನ್ನ ಮುಖ ನೋಡಲಿಲ್ಲ, ಕಂಬಳಿಯಿಂದ ಹೊರಗೆ ಕಾಣುತ್ತಿದ್ದ ಗಂಟನ್ನು ನೋಡಿದಳು. ಅವ್ವನ ಸೀರೆಯ ಅಂಚು ಅವಳಿಗೆ ಗೊತ್ತು. ತಿರುಗಿ ಒಳಗೆ ಹೋದಳು. ಆಯಿತು, ಬಾಗಿಲು ಹಾಕಿದಂತೆಯೇ ಎಂದುಕೊಂಡೆ. ಹೊರಗೆ ಬಂದಾಗ ಅವಳ ಕೈಯಲ್ಲಿ ನೀರಿನ ತಂಬಿಗೆ ಇತ್ತು. ಅದನ್ನು ನನ್ನ ಕಾಲಿನ ಹತ್ತಿರ ಇಟ್ಟಳು.

"ಅತ್ತೀ, ನಮ್ಮ ತವರಮನಿಂದ ಕರ್ಯಾಕ ಬಂದಾರ್ರಿ" ಎಂದಳು.

ಕಾಲು ತೊಳೆಯುವಾಗ ನನಗೆ ಮಳೆ ಇದ್ದದ್ದು ಒಳ್ಳೆಯದಾಯಿತು.

ಚಕ್ಕಡಿಯಲ್ಲಿ ಅವಳು ನನ್ನ ಕಡೆ ಬೆನ್ನು ಮಾಡಿ ಕುಂತಳು. ಬಂಕಾಪುರ ದಾಟಿದ ಮೇಲೆ, ಆ ಸಿನಿಮಾ ಹೇಳಿರಿ, ಇದ್ದದ್ದು ಇದ್ದ ಹಾಗೆ ಹೇಳಿರಿ ಎಂದಳು. ಹೇಳಿದೆ. ತುತ್ತೂರಿ ಇಲ್ಲ, ಜೇಬಿನಲ್ಲಿ ಬೀಜ ಇಲ್ಲ. ಬಾಗಿಲು ಹಾಕುವಲ್ಲಿಗೆ ಬಂದು ಸುಮ್ಮನಾದೆ. ಎತ್ತಿನ ಗಂಟೆ ಮಾತ್ರ. ಅವಳು ತಿರುಗದೆಯೇ ಅಂದಳು:

"ಆ ಗಡಿಯಾರದಾಂವ ಹುಚ್ಚ ಇದ್ದ. ಅವ್ವನ ಬಾಗಲದಾಗ ಯಾಕ ನಿಂತ? ಮಗಳ ಹಂತ್ಯಾಕ ಹೋಗಬೇಕಿತ್ತು."

ಹಾನಗಲ್ಲು ಕಾಣಿಸಿದಾಗ ಇನ್ನೊಂದು ಮಾತು ಅಂದಳು. ಉಡಕಿ ಆಗಲಿ, ಏನೇ ಆಗಲಿ, ಅವ್ವನ ಬಾಜೂಕ ಕೂಡುವವಳು ತಾನೇ, ಅದರಲ್ಲಿ ಯಾರೂ ಪಾಲಿಗೆ ಬರಬಾರದು. ನಾನು ಹೂಂ ಅಂದೆ. ಅವಳು ಚೇಷ್ಟೆಗೆ ಅಂದಳೋ, ಖರೇ ಅಂದಳೋ ಆಗ ತಿಳಿಯಲಿಲ್ಲ.

ಆ ಪಂಚಮಿಗೆ ಹುಣಸೆ ಮರಕ್ಕೆ ಜೋಕಾಲಿ ಕಟ್ಟಿದೆ. ಧಣಿಗಳನ್ನು ಕೇಳಿ ಡೇರೆಯ ನಡುಗಂಬದ ಹಗ್ಗ ತಂದಿದ್ದೆ. ಅಂಥ ಗಟ್ಟಿ ಜೋಕಾಲಿ ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ, ಓಣಿಯ ಹೆಣ್ಣುಮಕ್ಕಳೆಲ್ಲ ಸರದಿ ಹಚ್ಚಿದರು. ಮಹಾನವಮಿ ಆದ ಮೇಲೆ ಉಡಕಿ ಆಯಿತು. ಬಳೆಗಳನ್ನು ಕಾಶವ್ವ ಸವಣೂರಿನಿಂದ ತಂದಿದ್ದಳು. ಹಿರಿಯರು ರೂಢಿಯಲ್ಲಿಲ್ಲ ಅಂದರೂ ಕೇಳದೆ ಅವಳೇ ಅವ್ವನಿಗೆ ತೊಡಿಸಿದಳು. ಮರುವರ್ಷ ಅವಳ ಚೊಚ್ಚಲ ಬಾಣಂತನ ನಮ್ಮ ಎರಡು ಅಂಕಣದ ಮನೆಯಲ್ಲಿಯೇ ಆಯಿತು. ಆಮೇಲಿನವೂ ಅಲ್ಲಿಯೇ. ಬಸವರಾಜ ಎಲ್ಲರಿಗಿಂತ ಕಿರಿಯವನು. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವನು ನಾನು. ಈಗ ಅವನಿಗೆ ಲೈಸೆನ್ಸು.

ಕನ್ನಡ ಚಿತ್ರಗಳು ಬಂದವು, ಎರಡು ಮಶೀನು ಬಂದವು, ರೀಲಿನ ನಡುವೆ ದೀಪ ಹತ್ತುವುದು ನಿಂತಿತು. ನನ್ನ ಸ್ಟೂಲು ಹೋಯಿತು. ಬಾಗಿಲು ಕಾದು, ಪೋಸ್ಟರು ಹಚ್ಚಿ ಹೊತ್ತು ಕಳೆದು ಕೆಲಸ ಬಿಟ್ಟೆ. ಅದಕ್ಕೆ ದುಃಖವೇನೂ ಇಲ್ಲ.

ಮೊನ್ನೆ ಬಸವರಾಜನ ಮೊದಲ ಆಟ. ಮ್ಯಾಟಿನಿ. ನಾವೆಲ್ಲ ಹೋಗಿದ್ದೆವು. ಕುರ್ಚಿಯ ಸಾಲಿನಲ್ಲಿ ನೀಲವ್ವ ಮೊದಲು ಕುಂತಳು. ನಾನು ಅವಳ ಪಕ್ಕಕ್ಕೆ ಹೋಗುವಷ್ಟರಲ್ಲಿ, ತಾನೇ ಅಜ್ಜಿಯಾಗಿರುವ ಕಾಶವ್ವ ಸೆರಗು ಸಾವರಿಸಿಕೊಂಡು ಬಂದು ನಡುವೆ ಕುಂತಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ. ದೀಪ ಆರಿತು. ನಮ್ಮ ತಲೆಯ ಮೇಲಿಂದ ಬೆಳಕು ಹಾಯಿತು. ಆ ಬೆಳಕಿನ ಹಿಂದೆ ನನ್ನ ಮೊಮ್ಮಗ ನಿಂತಿದ್ದಾನೆಂದು ನೆನೆದು ನನಗೆ ಪರದೆಯೇ ಸರಿಯಾಗಿ ಕಾಣಲಿಲ್ಲ.

ನೀಲವ್ವನಿಗೆ ಈಗ ಕಿವಿ ಮಂದ. ಅರ್ಧ ಸಿನಿಮಾ ಆದ ಮೇಲೆ ಕಾಶವ್ವನ ಮೇಲಿಂದ ಬಾಗಿ, ಆ ಹುಡುಗಿ ಏನಂದಳು ಎಂದು ನನ್ನನ್ನು ಕೇಳಿದಳು. ನಾನು ಅಂಗೈಯನ್ನು ತುತ್ತೂರಿಯ ಹಾಗೆ ಬಾಯಿಗೆ ಹಿಡಿದು ಬಾಗಿದೆ. ಕಾಶವ್ವ ನಮ್ಮಿಬ್ಬರ ನಡುವೆ ಹಿಂದಕ್ಕೆ ಸರಿದು ಜಾಗ ಕೊಟ್ಟಳು. ಕೊಟ್ಟು, ನನ್ನ ಮೊಣಕೈ ತಿವಿದಳು.

"ಇದ್ದದ್ದ ಇದ್ದಂಗ ಹೇಳು, ಅಪ್ಪಾ."